ಮೊಸರು ಚೆಲ್ಲದ ಬ್ರೇಕು

ಮೂರು ದಿನದಿಂದ ನನ್ನ ಕಾರಿನಲ್ಲಿ, ಸ್ಟೇರಿಂಗಿನ ಹಿಂದೆ, ಒಂದು ಹಳದಿ ದೀಪ ಹತ್ತಿಕೊಂಡು ಕೂತಿದೆ. ಆರಿಸೋಣವೆಂದರೆ ಸ್ವಿಚ್ಚಿಲ್ಲ. ಮೊದಲ ದಿನ ಕಂಡೂ ಕಾಣದವಳ ಹಾಗೆ ಇದ್ದೆ. ಕೆಲವು ನೆಂಟರು ಎರಡನೇ ಸಲ ಕಾಫಿ ಕೊಡದಿದ್ದರೆ ತಾವಾಗಿಯೇ ಎದ್ದು ಹೋಗುತ್ತಾರಲ್ಲ, ಹಾಗೆ ಹೋದೀತು ಅಂದುಕೊಂಡೆ. ಹೋಗಲಿಲ್ಲ. ಎರಡನೇ ದಿನ ಅದರ ಮೇಲೆ ಹಣೆಗಿಡುವ ಸ್ಟಿಕ್ಕರ್ ಬಿಂದಿ ಅಂಟಿಸಿದೆ, ದೊಡ್ಡ ಸೈಜಿನದು. ಬೆಳಕು ಬಿಂದಿಯ ಸುತ್ತ ಇಣುಕುತ್ತಲೇ ಇತ್ತು. ಮೂರನೇ ದಿನ ಮರ್ಯಾದೆಯಿಂದ ಹೊಸಕೋಟೆಯ ಬಾಷಾ ಸಾಬರ ಗ್ಯಾರೇಜಿಗೆ ಹೋದೆ.

ಬಾಷಾ ಸಾಬರು ನನಗೆ ಮೂವತ್ತು ವರ್ಷದ ಪರಿಚಯ. ಆಗೆಲ್ಲ ಕಾರಿನ ಕೆಳಗೆ ತೂರಿಕೊಂಡು, ಸುತ್ತಿಗೆಯಲ್ಲಿ ಎರಡು ಬಾರಿಸಿ, ಸದ್ದು ಕೇಳಿಯೇ ರೋಗ ಹೇಳುತ್ತಿದ್ದವರು. ಈಗ ಕಾರಿಗೊಂದು ವೈರು ಚುಚ್ಚಿ, ಅಂಗೈಯಗಲದ ಪರದೆ ನೋಡಿ ಹೇಳುತ್ತಾರೆ. ಮೊದಲು ಆ ಬಿಂದಿಯನ್ನು ಉಗುರಿನಲ್ಲಿ ಕಿತ್ತು ನನ್ನ ಕೈಗೆ ವಾಪಸ್ ಕೊಟ್ಟರು.

“ಎಬಿಎಸ್ ಸೆನ್ಸರ್ ಹೋಗಿದೆ ಟೀಚರಮ್ಮ. ಬ್ರೇಕೇನೋ ಹಿಡೀತದೆ, ಆದ್ರೆ ಜೋರಾಗಿ ಒತ್ತಿದ್ರೆ ಚಕ್ರ ಕಚ್ಕೊಂಡ್ಬಿಡ್ತದೆ. ಚಕ್ರ ತಿರುಗ್ತಾ ಇರೋವರೆಗೂ ಗಾಡಿ ನಿಮ್ಮ ಸ್ಟೇರಿಂಗ್ ಮಾತು ಕೇಳ್ತದೆ. ಕಚ್ಕೊಂಡ್ತೋ, ಆಮೇಲೆ ಯಾರ ಮಾತೂ ಕೇಳಲ್ಲ, ಸೀದಾ ಜಾರ್ಕೊಂಡು ಹೋಗ್ತದೆ. ಅದಕ್ಕೇ ಈ ಮೆಷಿನ್ನು. ನೀವು ಒಂದ್ಸಲ ಒತ್ತಿ ಹಿಡೀರಿ, ಅದು ಒಳಗೊಳಗೇ ಹಿಡಿ-ಬಿಡು, ಹಿಡಿ-ಬಿಡು ಅಂತ ಮಾಡ್ತಾ ಇರ್ತದೆ.”

“ಪಕ್ಕದಲ್ಲಿ ಇನ್ನೊಂದು ದೀಪ ಇದೆಯಲ್ಲ, ಕಾರು ಕುಡಿದು ಹೋಗ್ತಿರೋ ಚಿತ್ರ?”

ಸಾಬರು ನಕ್ಕರು. “ಅದು ಜಾರೋದು ತಡಿಯೋದು. ಗಾಡಿ ಅಡ್ಡ ತಿರುಗ್ತಾ ಇದೆ ಅನಿಸಿದ್ರೆ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ ನೇರ ಮಾಡ್ತದೆ. ಅದಕ್ಕೂ ಇದೇ ಸೆನ್ಸರ್ ಬೇಕು. ಒಂದೊಂದು ಚಕ್ರಕ್ಕೂ ಒಂದೊಂದು ಇರ್ತದೆ. ಸ್ಪೇರ್ ಬರೋಕೆ ನಾಕು ದಿನ ಆಗ್ತದೆ, ಅಲ್ಲೀತನಕ ನಿಧಾನಕ್ಕೆ ಓಡ್ಸಿ.”

“ಬರ್ಲಿ ಬಿಡಿ ಸಾಬ್ರೇ. ಅಲ್ಲೀತನಕ ನನ್ನ ಕಾಲೇ ಇದೆಯಲ್ಲ.”

ಸಾಬರು ಪರದೆಯಿಂದ ತಲೆಯೆತ್ತಿ ನನ್ನ ಬಲಗಾಲನ್ನು ಗೌರವದಿಂದ ನೋಡಿದರು. “ಹೌದೌದು. ಆ ಮೊಸರಿನ ಕೇಸು! ಸೀಟಿಂದ ವಾಸನೆ ಬಿಡಿಸೋಕೆ ಎರಡು ದಿನ ಆಯ್ತು ನನಗೆ.”

ನಿಮಗೆ ಆ ಕೇಸು ಗೊತ್ತಿಲ್ಲ. ಹೇಳುತ್ತೇನೆ, ಕೂತ್ಕೊಳ್ಳಿ.

ನಾನು ಮೂಲತಃ ಹೊಲಿಗೆಯವಳು. ತೊಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಮದುವೆಯಾಗಿ ಜಡಿಗೇನಹಳ್ಳಿ ಹೋಬಳಿಯ ಒಂದು ಹಳ್ಳಿಗೆ ಬಂದೆ. ಬರುವಾಗ ತವರಿನಿಂದ ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ನನ್ನೂ ತಂದೆ. ಸ್ವಲ್ಪ ದಿನಕ್ಕೆ ಹೊಸಕೋಟೆಯಲ್ಲಿ ಹೆಂಗಸರಿಗೆ ಹೊಲಿಗೆ ಹೇಳಿಕೊಡುವ ಕೆಲಸ ಸಿಕ್ಕಿತು. ಇಪ್ಪತ್ತು ಮೆಷಿನ್ನು, ಇಪ್ಪತ್ತು ಹುಡುಗಿಯರು, ಎಲ್ಲರೂ ನನ್ನನ್ನು ಟೀಚರ್ ಎನ್ನುವವರು. ಆ ‘ಟೀಚರ್’ ಎಂಬ ಒಂದು ಮಾತು ಕೇಳಲಿಕ್ಕೇ ನಾನು ಬೆಳಿಗ್ಗೆ ಎದ್ದು ಮೂರು ಸೇರು ಮುದ್ದೆ ತಿರುವಿಟ್ಟು ಓಡುತ್ತಿದ್ದೆ ಎಂದರೆ ಸುಳ್ಳಲ್ಲ. ತೊಂದರೆ ಒಂದೇ. ಕ್ಲಾಸು ಮುಗಿಯುವುದು ಐದಕ್ಕೆ, ನಮ್ಮೂರಿನ ಕೊನೆಯ ಬಸ್ಸು ನಾಲ್ಕೂವರೆಗೆ. ಆ ಅರ್ಧ ಗಂಟೆಯನ್ನು ತುಂಬುತ್ತಿದ್ದದ್ದು ನಮ್ಮ ಮಾವ ಮುನಿಶಾಮಪ್ಪನವರ ಕಾರು. ದಿನಾ ಸಂಜೆ ಬಂದು ನನ್ನನ್ನು ಕೂರಿಸಿಕೊಂಡು ಹೋಗುತ್ತಿದ್ದರು. ಊರವರು ಇದನ್ನು ಎರಡು ವರ್ಷ ಆಡಿಕೊಂಡರು, ಆಮೇಲೆ ತಾವೇ ಬೇಜಾರಾಗಿ ಬಿಟ್ಟರು.

ಮಾವನವರು ಎತ್ತಿನ ಗಾಡಿಯಿಂದ ನೇರವಾಗಿ ಕಾರಿಗೆ ಬಂದವರು, ನಡುವೆ ಸೈಕಲ್ಲೂ ಇಲ್ಲ. ಬೆಂಗಳೂರಿನ ಯಾರೋ ಡಾಕ್ಟರು ಓಡಿಸಿ ಸಾಕಾಗಿ ಬಿಟ್ಟಿದ್ದ ಗುಂಡುಬೆನ್ನಿನ ಬಿಳಿ ಕಾರನ್ನು ತಂದು, ಅದಕ್ಕೆ ‘ಬಿಳಿಯ’ ಎಂದೇ ಹೆಸರಿಟ್ಟು, ಕೊಟ್ಟಿಗೆಯಲ್ಲೇ ಕಟ್ಟಿದರು. ನಿಲ್ಲಿಸಿದರು ಅನ್ನಬೇಕಾಗಿತ್ತು, ಆದರೆ ಅವರು ಮೊದಲ ವಾರ ಬಂಪರಿಗೆ ಹಗ್ಗ ಹಾಕಿ ಗೂಟಕ್ಕೆ ಕಟ್ಟಿದ್ದು ನಿಜ. ಸಂಕ್ರಾಂತಿಗೆ ಬಿಳಿಯನ ಮೈ ತೊಳೆದು, ಅರಿಶಿನ ಹಚ್ಚಿ, ಗೆಜ್ಜೆಸರ ಹಾಕಿದರು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಸಂಜೆ ದನಗಳನ್ನು ಕಿಚ್ಚು ಹಾಯಿಸುವ ಹೊತ್ತಿಗೆ ಊರ ಬಾಗಿಲಲ್ಲಿ ಹುಲ್ಲಿಗೆ ಬೆಂಕಿ ಇಟ್ಟಿದ್ದಾರೆ, ಎತ್ತುಗಳೆಲ್ಲ ಹಾರಿವೆ, ಮಾವನವರು ಕಾರು ಸ್ಟಾರ್ಟ್ ಮಾಡಿಬಿಟ್ಟರು. ನಮ್ಮ ಅತ್ತೆ ಓಡಿಹೋಗಿ ಕಾರಿಗೆ ಅಡ್ಡ ನಿಂತರು.

“ಹೊಟ್ಟೇಲಿ ಪೆಟ್ರೋಲ್ ಐತೆ ಅದುಕ್ಕೆ! ಎತ್ತಿನ ಹೊಟ್ಟೇಲಿ ಹುಲ್ಲಿರ್ತದೆ, ಇದ್ರ ಹೊಟ್ಟೇಲಿ ಪೆಟ್ರೋಲ್ ಐತೆ!”

“ಕಿಚ್ಚು ಹಾಯಿಸ್ದಿದ್ರೆ ದಿಷ್ಟಿ ಆಗ್ತದೆ ಕಣೇ.”

“ಆದ್ರೆ ಆಗ್ಲಿ, ಇಳೀರಿ ಕೆಳಕ್ಕೆ.”

ಅತ್ತೆಯ ಹೆಸರು ಪಿಳ್ಳಮ್ಮ, ಅಂದರೆ ಪುಟ್ಟವಳು. ಹೆಸರಿಟ್ಟವರು ಮಗು ಚಿಕ್ಕದಾಗಿದ್ದಾಗ ಇಟ್ಟಿದ್ದರು, ಆಮೇಲೆ ಬದಲಾಯಿಸಲು ಯಾರಿಗೂ ಪುರುಸೊತ್ತಾಗಿರಲಿಲ್ಲ. ಆಕೆ ಅಡ್ಡ ನಿಂತರೆ ಕಾರಿರಲಿ, ರಸ್ತೆಗೇ ಬ್ರೇಕು ಬೀಳುತ್ತಿತ್ತು. ಮನೆಯಲ್ಲಿ ಕೊನೆಯ ಮಾತು ಯಾವಾಗಲೂ ಅವರದೇ. ಗಂಡ, ಮಗ, ಎತ್ತು, ಕೂಲಿಯಾಳು ಎಂಬ ಭೇದ ಅವರಿಗಿರಲಿಲ್ಲ.

ಮಾವನವರಿಗೆ ಬ್ರೇಕಿನ ಮೇಲೆ ಕಾಲಿಟ್ಟಾಗ ಬಾಯಲ್ಲಿ “ಹೋ… ಹೋ… ಹೋ…” ಎನ್ನದಿದ್ದರೆ ಕಾರು ನಿಲ್ಲುತ್ತದೆಂಬ ನಂಬಿಕೆಯೇ ಇರಲಿಲ್ಲ. ಒಂದು ಸಲ ಗಂಟಲು ಕಟ್ಟಿ ಮಾತು ನಿಂತಿತ್ತು. ಆ ಮೂರು ದಿನ ಅವರು ಕಾರು ಮುಟ್ಟಲಿಲ್ಲ. ಇನ್ನು ಬ್ರೇಕಿನ ಬಗ್ಗೆ ಅವರದೊಂದು ದೂರು ಇತ್ತು. ದಿನಾ ಸಂಜೆ ಕೊಟ್ಟಿಗೆ ಮುಂದೆ ಇಳಿದು ಹೇಳುತ್ತಿದ್ದರು.

“ನೋಡಮ್ಮಾ ಪದ್ದಾ, ಗಾಡಿ ಅಡ್ಡಕ್ಕೆ ಎಳೀತು ಅಂದ್ರೆ ಎರಡೂ ಹಗ್ಗ ಜಗ್ಗಬಾರ್ದು. ಯಾವ ಎತ್ತು ಮಾತು ಕೇಳ್ಬೇಕೋ ಅದ್ರ ಹಗ್ಗ ಮಾತ್ರ ಜಗ್ಗಬೇಕು. ಇದ್ರಲ್ಲಿ ನಾಕು ಕಾಲೈತೆ, ಹಗ್ಗ ಒಂದೇ ಐತೆ. ಇದನ್ನ ಮಾಡ್ದೋನಿಗೆ ಗಾಡಿ ಹೊಡೆದು ಗೊತ್ತಿಲ್ಲ. ಒಂದೊಂದು ಕಾಲಿಗೂ ಒಂದೊಂದು ಹಗ್ಗ ಇರ್ಬೇಕಾಗಿತ್ತು.”

ನಾನು ಒಳಗೊಳಗೇ ನಗುತ್ತಿದ್ದೆ. ಈಗ ಬಾಷಾ ಸಾಬರು ಹೇಳಿದ್ದೂ ಅದೇ ತಾನೇ? ಪರದೇಶದ ಇಂಜಿನಿಯರುಗಳು ಎಷ್ಟೋ ವರ್ಷ ತಲೆ ಕೆಡಿಸಿಕೊಂಡು ಮಾಡಿದ್ದನ್ನು ನಮ್ಮ ಮಾವ ಕೊಟ್ಟಿಗೆ ಮುಂದೆ ನಿಂತು ಕೇಳಿಬಿಟ್ಟಿದ್ದರು. ನಾವು ನಕ್ಕೆವು. ನಮ್ಮ ಬುದ್ಧಿ ಅಷ್ಟೇ.

ಕೈಬ್ರೇಕಿನ ಕತೆ ಬೇರೆ. ಅದು ಇತ್ತು, ಎಳೆದರೆ ಕಟಕಟ ಸದ್ದೂ ಬರುತ್ತಿತ್ತು, ಕೆಲಸ ಮಾತ್ರ ಮಾಡುತ್ತಿರಲಿಲ್ಲ. ಅದಕ್ಕೆ ಡಿಕ್ಕಿಯಲ್ಲಿ ಒಂದು ಕಲ್ಲಿತ್ತು. ಇಳಿಜಾರಿನಲ್ಲಿ ನಿಲ್ಲಿಸಬೇಕಾದರೆ ಅತ್ತೆ ಮೊದಲು ಇಳಿದು, ಕಲ್ಲನ್ನು ಹಿಂದಿನ ಚಕ್ರಕ್ಕೆ ಕೊಟ್ಟು, “ಹೂಂ” ಎಂದ ಮೇಲೆಯೇ ಮಾವನವರು ಇಂಜಿನ್ ಆಫ್ ಮಾಡುತ್ತಿದ್ದರು. ಒಮ್ಮೆ ಶಿವಗಂಗೆಗೆ ಹೋಗಿದ್ದೆವು. ಬೆಟ್ಟ ಹತ್ತಿ, ದರ್ಶನ ಮಾಡಿ, ಮಂಡಿ ಹಿಡಿದುಕೊಂಡು ಇಳಿದು ಬಂದರೆ ಕಾರು ನಿಲ್ಲಿಸಿದ್ದ ಕಡೆ ಕಾರಿಲ್ಲ! ಹತ್ತು ಮಾರು ಕೆಳಗೆ ಒಂದು ಹುಣಿಸೆ ಮರಕ್ಕೆ ಬೆನ್ನು ಕೊಟ್ಟು ನಿಂತಿದೆ. ಪಕ್ಕದಲ್ಲಿ ಯಾರೋ ಯಾತ್ರಿಕರು ಮೂರು ಕಲ್ಲು ಹೂಡಿ ಅನ್ನಕ್ಕಿಟ್ಟಿದ್ದರು. ಮೂರರಲ್ಲಿ ಒಂದು ನಮ್ಮ ಕೈಬ್ರೇಕು. “ಒಳ್ಳೇ ಚಪ್ಪಟೆ ಕಲ್ಲು ಅಂತ ತಗಂಡ್ವಿ ತಾಯಿ” ಎಂದರು ಪಾಪ. ಅತ್ತೆ ಬೈಯಲು ಸೊಂಟಕ್ಕೆ ಸೆರಗು ಸಿಕ್ಕಿಸಿದ್ದರು, ಅಷ್ಟರಲ್ಲಿ ಆ ಹೆಂಗಸು ಬಿಸಿ ಅನ್ನ ಸಾರು ಬಡಿಸಿದ ಎಲೆ ಚಾಚಿದಳು. ಅನ್ನ ಉಂಡು, ಕಲ್ಲು ಆರುವತನಕ ಕಾದು, ಎತ್ತಿಕೊಂಡು ಬಂದೆವು.

ಇಷ್ಟೆಲ್ಲ ಇದ್ದರೂ ಕಾರು ನಡೆಯುತ್ತಿತ್ತು, ನನ್ನ ಕೆಲಸವೂ ನಡೆಯುತ್ತಿತ್ತು. ಕೆಟ್ಟಿದ್ದು ಕಾರಲ್ಲ, ಮಾವನವರ ಕಣ್ಣು. ಪೊರೆ ಬರುತ್ತಿತ್ತು, ಅವರು ಯಾರಿಗೂ ಹೇಳಲಿಲ್ಲ. ಒಂದು ಸಂಜೆ ಮೈಲಿಗಲ್ಲಿಗೆ ಕೈಯೆತ್ತಿ “ಏನಪ್ಪಾ, ಈಗ ಬಂದ್ಯಾ?” ಎಂದಾಗ ನನಗೆ ಅನುಮಾನ ಬಂತು. ಅದರ ಮರುವಾರ ಕೊಟ್ಟಿಗೆ ಎಂದುಕೊಂಡು ಪಕ್ಕದವರ ಹುಲ್ಲಿನ ಬಣವೆಯೊಳಕ್ಕೆ ಕಾರು ನುಗ್ಗಿಸಿದರು. ನನ್ನನ್ನೂ ಸೇರಿಸಿ. ಬಾಗಿಲು ತೆರೆಯಲಾಗದೆ, ಊರವರು ಹುಲ್ಲು ಕಿತ್ತು ನಮ್ಮನ್ನು ಹೊರಗೆಳೆದರು.

ಆ ರಾತ್ರಿ ಊಟಕ್ಕೆ ಕೂತಾಗ ನಮ್ಮ ಯಜಮಾನರು ತೀರ್ಪು ಕೊಟ್ಟರು. “ಕಾರು ಮಾರಿಬಿಡೋಣ. ಇವಳು ಕೆಲಸ ಬಿಡ್ಲಿ. ಮನೇಲೇ ಹೊಲೀಲಿ, ಬೇಡ ಅಂದೋರ್ಯಾರು?” ಅವರು ಹೊಸಕೋಟೆಯ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸದಲ್ಲಿದ್ದರು, ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಕಾರು ಕಲಿಯಲು ಹೋಗಿ ಒಮ್ಮೆ ತಿಪ್ಪೆ ಹತ್ತಿಸಿದ ಮೇಲೆ ಸೈಕಲ್ಲೇ ಅವರಿಗೆ ಸುಖವಾಗಿತ್ತು.

ಇಪ್ಪತ್ತು ಹುಡುಗಿಯರು ಕಣ್ಣ ಮುಂದೆ ಬಂದರು. ಅಳಬಾರದೆಂದು ಸಾರಿನ ಸೌಟನ್ನು ಗಟ್ಟಿಯಾಗಿ ಹಿಡಿದುಕೊಂಡು, “ನಾನೇ ಓಡಿಸ್ತೀನಿ” ಎಂದೆ. ಎಲ್ಲರೂ ಅತ್ತೆಯ ಮುಖ ನೋಡಿದರು. ಅತ್ತೆ ಮುದ್ದೆ ಮುರಿದು, ಅದ್ದಿ, ನುಂಗಿ, ಆಮೇಲೆ ಹೇಳಿದರು: “ಕಲೀಲಿ. ಆಮೇಲೆ ನೋಡನ.”

ಬೇಸಿಗೆಗೆ ನಮ್ಮೂರ ಕೆರೆ ಒಣಗಿ ಅಂಗಳವಾಗುತ್ತದೆ. ಅಲ್ಲಿ ನನ್ನ ಪಾಠ ಶುರುವಾಯಿತು. ನನ್ನ ದೋಷ ಮೊದಲ ದಿನವೇ ಗೊತ್ತಾಯಿತು. ಹದಿನೈದು ವರ್ಷ ಹೊಲಿಗೆ ಮೆಷಿನ್ ತುಳಿದ ಕಾಲಿಗೆ ಪೆಡಲು ಸಿಕ್ಕರೆ ಸುಮ್ಮನಿರಲಾಗುವುದಿಲ್ಲ. ಒತ್ತುತ್ತದೆ, ಬಿಡುತ್ತದೆ, ಒತ್ತುತ್ತದೆ, ಬಿಡುತ್ತದೆ. ಆಕ್ಸಿಲರೇಟರಿನ ಮೇಲೆ ಹಾಗೆ ಮಾಡಿದರೆ ಕಾರು ಕುಪ್ಪಳಿಸುತ್ತಿತ್ತು, ಬ್ರೇಕಿನ ಮೇಲೆ ಮಾಡಿದರೆ ಎಲ್ಲರೂ ಮುಂದಕ್ಕೂ ಹಿಂದಕ್ಕೂ ತಲೆದೂಗುತ್ತಿದ್ದರು. ಎಡಗಡೆ ಸೀಟಿನಲ್ಲಿ ಕೂತ ಮಾವನವರು ಡ್ಯಾಶ್‌ಬೋರ್ಡು ತಬ್ಬಿಕೊಂಡು ಕೂಗುತ್ತಿದ್ದರು.

“ಒಂದೇ ಸಮ ಒತ್ತಮ್ಮಾ! ರವಿಕೆ ಹೊಲೀತಾ ಇದ್ದೀಯಾ? ಹೊಟ್ಟೇಲಿರೋ ಮುದ್ದೆ ಗಂಟ್ಲಿಗೆ ಬಂತು!”

“ಎತ್ತಿಗೆ ಜಗ್ಗಿ ಬಿಡ್ಬೇಕು ಅಂತೀರಲ್ಲ ಮಾವ?”

“ಎತ್ತಿಗೆ ಮೂಗು ನೋಯ್ತದೆ, ಅದಕ್ಕೆ ಬಿಡ್ಬೇಕು. ಇದಕ್ಕೇನು ನೋಯ್ತದೆ? ಒತ್ತಿ ಹಿಡಿ, ಬಿಡಬೇಡ!”

ಅವರ ಕಾಲಿನ ಕೆಳಗೆ ಬ್ರೇಕಿರಲಿಲ್ಲ. ಆದರೂ ನಾನು ನಿಲ್ಲಿಸುವಾಗಲೆಲ್ಲ ಅವರೂ ಜೊತೆಗೆ ಒತ್ತುತ್ತಿದ್ದರು. ಎರಡು ತಿಂಗಳಲ್ಲಿ ಅವರ ಕಡೆಯ ಮ್ಯಾಟು ತೂತಾಯಿತು, ನನ್ನ ಕಡೆಯದು ಹೊಸದಾಗಿಯೇ ಇತ್ತು. ಅಂತೂ ಬೈದೂ ಬೈದೂ ನನ್ನ ಕಾಲಿನ ಹೊಲಿಗೆ ಬಿಡಿಸಿದರು. ಲೈಸೆನ್ಸೂ ಕೈಗೆ ಬಂತು. ಸರ್ಕಾರ ಒಪ್ಪಿತು, ಅತ್ತೆ ಒಪ್ಪಲಿಲ್ಲ.

ಆ ಹೊತ್ತಿಗೆ ಮಳೆಗಾಲ ಕಳೆದು, ಸುಗ್ಗಿ ಬಂದಿತ್ತು. ನಾನು ರಜೆಯ ಮೇಲೆ ರಜೆ ಹಾಕಿದ್ದಕ್ಕೆ ಕ್ಲಾಸಿನವರು “ಬರ್ತೀರೋ, ಬೇರೆಯವರನ್ನ ನೋಡಿಕೊಳ್ಳೋಣವೋ” ಎಂದು ಚೀಟಿ ಕಳಿಸಿದ್ದರು. ನಮ್ಮ ಯಜಮಾನರು ಇತ್ತ ಸೂಲಿಬೆಲೆಯಿಂದ ಕಾರು ಕೊಳ್ಳುವವರೊಬ್ಬರನ್ನು ಗೊತ್ತು ಮಾಡಿ, ಭಾನುವಾರ ಬರಹೇಳಿಬಿಟ್ಟಿದ್ದರು. ಶನಿವಾರ ಅತ್ತೆ ನನ್ನನ್ನು ಕರೆದರು. ಅವರ ಕೈಯಲ್ಲಿ ಅಗಲ ಬಾಯಿಯ ಒಂದು ಸ್ಟೀಲ್ ಪಾತ್ರೆ ಇತ್ತು.

“ನಾಳೆ ಬೆಳಿಗ್ಗೆ ಈ ಪಾತ್ರೆ ತುಂಬ ಮೊಸರು ತುಂಬಿ ಮಡಿಲಲ್ಲಿಟ್ಕೊಂಡು ಹಿಂದಿನ ಸೀಟಲ್ಲಿ ಕೂತ್ಕೋತೀನಿ. ಮುಚ್ಚಳ ಹಾಕಲ್ಲ. ಹೊಸಕೋಟೆಗೆ ಹೋಗಿ ವಾಪಸ್ ಕರ್ಕೊಂಡು ಬಾ. ಮೊಸರು ಚೆಲ್ಲದಿದ್ರೆ ಕಾರು ನಿಂದು, ಕೆಲಸಕ್ಕೆ ಹೋಗು. ಚೆಲ್ಲಿದ್ರೆ ಕಾರು ಸೂಲಿಬೆಲೆಗೆ ಹೋಗ್ಲಿ, ನೀನು ಮನೇಲಿರು. ಆಮೇಲೆ ಅತ್ತೆ ಅನ್ಯಾಯ ಮಾಡಿದ್ಲು ಅನ್ಬಾರ್ದು.”

ಮಾವನವರು ಎಂದಿನಂತೆ ಮುಂದೆ ಎಡಗಡೆ ಸೀಟಿನಲ್ಲಿ ಕೂತರು. ಹೋಗುವಾಗ ದೇವರು ನನ್ನ ಪಕ್ಕ ಇದ್ದ. ಗುಂಡಿಗೆ ಮೊದಲೇ ನಿಧಾನ ಮಾಡಿದೆ, ತಿರುವಿನಲ್ಲಿ ಗೇರು ಇಳಿಸಿದೆ, ಬ್ರೇಕನ್ನು ಮಾವನವರು ಕಲಿಸಿದ ಹಾಗೆ ಮೆತ್ತಗೆ, ಒಂದೇ ಸಮ ಒತ್ತಿದೆ. ಹೊಸಕೋಟೆ ಬಸ್ ಸ್ಟ್ಯಾಂಡಿನ ಹತ್ತಿರ ತರಕಾರಿ ಗಾಡಿಗಳು, ಹಾಲಿನ ಕ್ಯಾನಿನ ಸೈಕಲ್ಲುಗಳು, ಒಂದು ಕತ್ತೆ. ಎಲ್ಲವನ್ನೂ ದಾಟಿ ತಿರುಗಿಸಿಕೊಂಡೆ. ಕನ್ನಡಿಯಲ್ಲಿ ನೋಡಿದರೆ ಅತ್ತೆ ಎರಡೂ ಕೈಯಲ್ಲಿ ಪಾತ್ರೆ ಹಿಡಿದು, ಹಿಂದಿನ ಸೀಟಿನ ನಟ್ಟನಡುವೆ, ಮುಖ ಗಂಟು ಹಾಕಿಕೊಂಡು ಕೂತಿದ್ದರು. ಒಂದು ತೊಟ್ಟೂ ಚೆಲ್ಲಿರಲಿಲ್ಲ. ವಾಪಸ್ ಬರುವಾಗ ನನಗೆ ಹಾಡಬೇಕೆನಿಸಿತು.

ನಮ್ಮೂರಿಗೆ ಅರ್ಧ ಮೈಲಿ ಇರುವಾಗ ರಸ್ತೆ ಕೆರೆ ಏರಿಯ ಮೇಲೆ ಹತ್ತಿ ಎಡಕ್ಕೆ ತಿರುಗುತ್ತದೆ. ಬಲಗಡೆ ಕೆರೆ, ಆಗ ತುಂಬಿದ ನೀರು. ಎಡಗಡೆ ಕೆಳಗೆ ಗದ್ದೆ. ತಿರುಗಿದೆ, ನೋಡುತ್ತೇನೆ, ರಸ್ತೆಯೇ ಕಾಣುತ್ತಿಲ್ಲ! ಈ ಕಡೆಯಿಂದ ಆ ಕಡೆವರೆಗೆ ಮೊಳದೆತ್ತರ ಹುರುಳಿ ಬಳ್ಳಿಯ ಹಂಬು ಹರಡಿದ್ದಾರೆ.

ನಮ್ಮ ಕಡೆಯ ಸುಗ್ಗಿ ನೀವು ನೋಡಿದ್ದರೆ ಗೊತ್ತಿರುತ್ತದೆ. ಕಣ ಮಾಡಿ, ಸಗಣಿ ಬಳಿದು, ಎತ್ತು ಕಟ್ಟಿ ತುಳಿಸುವ ಕಷ್ಟ ಯಾಕೆ? ಡಾಂಬರು ರಸ್ತೆ ಇದೆ, ಹೋಗಿ ಬರುವ ಬಸ್ಸು ಲಾರಿ ಇವೆ. ರಾಗಿ, ಹುರುಳಿ ಎಲ್ಲ ತಂದು ರಸ್ತೆಗೆ ಹರಡಿದರೆ ಪರರ ಪೆಟ್ರೋಲಿನಲ್ಲಿ ನಮ್ಮ ಒಕ್ಕಣೆ. ಒಣಗಿದ ಹುರುಳಿ ಹಂಬು, ಅದರ ಕೆಳಗೆ ಉದುರಿದ ಗುಂಡುಗುಂಡು ಕಾಳು. ಅದರ ಮೇಲೆ ಬರಿಗಾಲಲ್ಲಿ ನಡೆದರೂ ಜಾರುತ್ತದೆ, ಚಕ್ರದ ಮಾತೇನು! ಜೊತೆಗೆ, ರಾಶಿಯ ನಡುವೆ ನಮ್ಮ ಹೊಲದ ಆಳು ಮುನಿರಾಜು ಕವೆಗೋಲು ಹಿಡಿದು, ನಮಗೆ ಬೆನ್ನು ಹಾಕಿ, ಹಂಬು ತಿರುವಿ ಹಾಕುತ್ತಾ ನಿಂತಿದ್ದಾನೆ.

ಬ್ರೇಕ್ ಒತ್ತಿದೆ. ಕಲಿಸಿದ ಹಾಗೆಯೇ, ಒತ್ತಿ ಹಿಡಿದೆ, ಬಿಡಲಿಲ್ಲ. ಚಕ್ರಗಳು ಕಚ್ಚಿಕೊಂಡವು. ಕಾರು ನಿಲ್ಲಲಿಲ್ಲ. ಒಂಚೂರೂ ಸದ್ದಿಲ್ಲದೆ, ಎಣ್ಣೆ ಸವರಿದ ಕಲ್ಲಿನ ಮೇಲೆ ಜಾರಿದ ಹಾಗೆ ಮುಂದಕ್ಕೆ ಹೋಯಿತು. ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದೆ, ಕಾರು ನನ್ನ ಮಾತು ಕೇಳಲಿಲ್ಲ, ಸೀದಾ ಕೆರೆಯ ಕಡೆಗೇ ಹೊರಟಿತು. ಹಿಂಭಾಗ ಬೇರೆ ಒಂದು ಕಡೆ ಎಳೆಯತೊಡಗಿತು. ನೀರು ಕಂಡಿತು. ನೀರಿನಲ್ಲಿ ಎಮ್ಮೆಗಳು ತಲೆಯೆತ್ತಿ ನಮ್ಮನ್ನೇ ನೋಡುತ್ತಿದ್ದದ್ದೂ ಕಂಡಿತು.

ಮಾವನವರಿಗೆ ಏನೂ ಕಾಣುತ್ತಿರಲಿಲ್ಲ, ಆದರೆ ಕೂತ ಸೀಟು ಜಾರುವುದು ತಿಳಿಯಿತು. ಕಲಿಸಿದ ಪಾಠವೆಲ್ಲ ಮರೆತು, ನಲವತ್ತು ವರ್ಷ ಎತ್ತು ಹೊಡೆದ ಬಾಯಿ ತಾನಾಗಿ ಕೂಗಿತು: “ಹೋ! ಹೋ! ಹೋ! ಹೋ!”

ನನ್ನ ಕಾಲು ಅದನ್ನು ಕೇಳಿತು. ನಾನಲ್ಲ, ನನ್ನ ಕಾಲು. ಎರಡು ತಿಂಗಳು ಬೈಸಿಕೊಂಡು ಸುಮ್ಮನಿದ್ದ ಹೊಲಿಗೆ ಕಾಲು ಆ ತಾಳಕ್ಕೆ ಎದ್ದುಬಿಟ್ಟಿತು. ಅವರ ಒಂದೊಂದು ‘ಹೋ’ಗೆ ಒಂದೊಂದು ಸಲ ಒತ್ತಿತು, ಬ್ರೇಕು ಬಿಟ್ಟಿತು. ಒತ್ತು, ಬಿಡು, ಒತ್ತು, ಬಿಡು. ಜರಿ ಅಂಚಿಗೆ ಹೊಲಿಗೆ ಹಾಕುವಾಗ ಎಷ್ಟು ಹುಷಾರೋ ಅಷ್ಟು. ಬಿಟ್ಟಾಗಲೆಲ್ಲ ಚಕ್ರ ಒಂದೊಂದು ಸುತ್ತು ತಿರುಗಿತು, ತಿರುಗಿದಾಗಲೆಲ್ಲ ಕಾರು ಸ್ವಲ್ಪ ಸ್ವಲ್ಪ ಎಡಕ್ಕೆ ಬಂತು. ಅತ್ತೆ, ವಾಲುವ ಎತ್ತಿನ ಗಾಡಿಯಲ್ಲಿ ಕೂತು ಅಭ್ಯಾಸವಿದ್ದವರು, ಇದ್ದ ಮೈಯನ್ನೆಲ್ಲ ಎತ್ತಿ ಎಡಗಡೆಯ ಬಾಗಿಲಿಗೆ ದಢಾರನೆ ಒರಗಿಸಿದರು. ಅದರಿಂದ ಉಪಯೋಗವಾಯಿತೋ ಇಲ್ಲವೋ ಬಾಷಾ ಸಾಬರೂ ಹೇಳಲಾರರು. ಆದರೆ ಬದುಕಿರುವತನಕ ಅತ್ತೆ “ನಾನು ವಾಲದಿದ್ರೆ ಅವತ್ತೇ ಎಲ್ಲಾರೂ ಎಮ್ಮೆ ಪಾಲು” ಎಂದೇ ಹೇಳುತ್ತಿದ್ದರು. ನಾನು ಎದುರಾಡಲಿಲ್ಲ.

ಕಾರು ಮುನಿರಾಜುವನ್ನು ಸುತ್ತಿ ಬಂತು. ಆಗ ಹಂಬು ಮುಗಿದು ಬರೀ ಡಾಂಬರು ಸಿಕ್ಕಿತು. ನನ್ನ ಕಾಲು ಆ ಹೊತ್ತಿಗೆ ಬ್ರೇಕಿನ ಮೇಲಿತ್ತು. ಚಕ್ರ ಗಪ್ಪನೆ ಹಿಡಿಯಿತು, ಕಾರು ಧಡಕ್ಕೆಂದು ನಿಂತಿತು. ಆದರೆ ಮೊಸರಿಗೆ ಯಾರೂ ಬ್ರೇಕು ಹಾಕಿರಲಿಲ್ಲ. ಅದು ಪಾತ್ರೆಯಿಂದ ಎದ್ದು, ಮುಂದಿನ ಸೀಟಿನ ಮೇಲಿಂದ ಹಾರಿ, ಮಾವನವರ ಬೋಳುತಲೆಯ ಮೇಲೆ ಒಟ್ಟಿಗೆ ಬಿತ್ತು.

ಮುನಿರಾಜು ತಿರುಗಿ ನೋಡಿ, ಹಲ್ಲು ಕಿರಿದು ಕಿಟಕಿಯ ಹತ್ತಿರ ಬಂದ.

“ಅಮ್ಮಾರೇ, ನೀವು ಹೇಳ್ದಂಗೇ ಹರಡಿವ್ನಿ. ‘ಹೋಗುವಾಗ ಹಾಕ್ಬೇಡ, ಬರೋ ಹೊತ್ಗೆ ಹಾಕು, ಹೆಂಗೂ ಕಾರು ಬರ್ತದೆ, ಎರಡು ಸಲ ಮೇಲೆ ಓಡಾಡ್ಲಿ’ ಅಂದಿದ್ರಲ್ಲ. ಇನ್ನೊಂದ್ ದಪ ಹತ್ತಿಸ್ತೀರಾ?”

ನಾನು ನಿಧಾನವಾಗಿ ಹಿಂದಕ್ಕೆ ತಿರುಗಿದೆ. ಅತ್ತೆ ಕಿಟಕಿಯಾಚೆ ಎಮ್ಮೆಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಸೊಸೆಯ ಪರೀಕ್ಷೆಯನ್ನೂ ಹುರುಳಿ ಒಕ್ಕಣೆಯನ್ನೂ ಒಂದೇ ಪೆಟ್ರೋಲಿನಲ್ಲಿ ಮುಗಿಸುವ ಲೆಕ್ಕ ಅವರದು.

ಮನೆಯ ಜಗಲಿಯ ಮೇಲೆ ನಮ್ಮ ಯಜಮಾನರೂ ಸೂಲಿಬೆಲೆಯವರೂ ಕಾಫಿ ಕುಡಿಯುತ್ತಾ ಕಾಯುತ್ತಿದ್ದರು. ನಾನು ಕಾರು ನಿಲ್ಲಿಸಿ ಸ್ಟೇರಿಂಗ್ ಹಿಡಿದೇ ಕೂತೆ, ಕೈ ಬಿಡಲು ಮನಸ್ಸು ಬರಲಿಲ್ಲ. ಇದೇ ಕೊನೆ ಅನಿಸಿತ್ತು. ಮಾವನವರು ಇಳಿದರು. ತಲೆ, ಕಿವಿ, ಮೀಸೆ, ಅಂಗಿ ಎಲ್ಲ ಬೆಳ್ಳಗೆ. ಅವರ ಹಿಂದೆ ಅತ್ತೆ, ಖಾಲಿ ಪಾತ್ರೆ ಹಿಡಿದು.

“ಏನಮ್ಮಾ ಇದು? ಮೊಸರು ಚೆಲ್ತಾ?” ಎಂದರು ಯಜಮಾನರು.

“ಎಲ್ಲಿ ಚೆಲ್ತು? ಒಂದು ತೊಟ್ಟು ಚೆಲ್ಲಿಲ್ಲ” ಎಂದರು ಅತ್ತೆ, ಕಣ್ಣು ಮಿಟುಕಿಸದೆ. “ನಿಮ್ಮಪ್ಪನ ತಲೆ ಕಾದಿತ್ತು. ಬಿಸ್ಲು. ತಂಪಾಗ್ಲಿ ಅಂತ ನಾನೇ ಹಾಕ್ದೆ.”

ಎಲ್ಲರೂ ಮಾವನವರ ಕಡೆ ನೋಡಿದರು. ಅವರು ಮೀಸೆಯ ತುದಿಯನ್ನು ನಾಲಿಗೆಯಿಂದ ಸವರಿಕೊಂಡು, ಯೋಚನೆ ಮಾಡಿ, “ಒಂಚೂರು ಹುಳಿ ಆಗೈತೆ” ಎಂದು ಹೇಳಿ ಒಳಗೆ ಹೋದರು.

ಸೂಲಿಬೆಲೆಯವರು ಕಾಫಿ ಲೋಟ ಕೆಳಗಿಟ್ಟು ಎದ್ದರು. ಇಂಥ ಮನೆಯ ಕಾರು ಅವರಿಗೆ ಬೇಡವಾಗಿತ್ತು.

ಆ ಮಧ್ಯಾಹ್ನ ಹಿತ್ತಲಲ್ಲಿ ಅತ್ತೆ ಪಾತ್ರೆ ತೊಳೆಯುತ್ತಿದ್ದರು. ನಾನು ಹತ್ತಿರ ಹೋಗಿ ನಿಂತೆ. ಹುರುಳಿಯ ವಿಷಯ ನಾನು ಬಾಯಿ ಬಿಡಬಾರದೆಂದು ಸುಳ್ಳು ಹೇಳಿದರೇನೋ ಎಂಬುದು ನನ್ನ ಅನುಮಾನ. “ಯಾಕತ್ತೆ ಹಾಗಂದ್ರಿ?” ಎಂದೆ.

ಅವರು ಪಾತ್ರೆಯನ್ನು ತಿಕ್ಕುತ್ತಲೇ ಹೇಳಿದರು. “ನಮ್ಮಪ್ಪನ ಮನೇಲಿ ನಾಕು ಜೊತೆ ಎತ್ತಿದ್ವು. ನಂಗೆ ಗಾಡಿ ಹೊಡೀಬೇಕು ಅಂತ ಬಲೇ ಆಸೆ. ಒಂದ್ಸಲ ಹಗ್ಗ ಕೊಡಪ್ಪಾ ಅಂತ ಅಳ್ತಾ ಕೇಳ್ದೆ. ‘ಹೆಣ್ಣು ಮಕ್ಳು ಹಿಂದೆ ಕೂತ್ಕೋಬೇಕು’ ಅಂದ. ಅವತ್ತಿಂದ ಹಿಂದೇನೇ ಕೂತಿದ್ದೀನಿ ನೋಡು.” ಪಾತ್ರೆಯನ್ನು ಬೋರಲು ಹಾಕಿದರು. “ನಾಳೆ ಕ್ಲಾಸಿಗೆ ಹೋಗು. ತಡ ಮಾಡ್ಬೇಡ.”

ನನಗೆ ಅಳು ಬಂತು. ಅತ್ತೆ, ಸೌದೆ ತರುವ ನೆಪದಲ್ಲಿ ಎದ್ದು ಹೋದರು.

ನಾನು ಮತ್ತೆ ಟೀಚರ್ ಆದೆ. ಮಾವನವರಿಗೆ ಕಣ್ಣಿನ ಆಪರೇಷನ್ ಆಯಿತು. ಮಾರನೇ ಬೇಸಿಗೆ ಕೆರೆ ಮತ್ತೆ ಒಣಗಿತು. ಒಂದು ಭಾನುವಾರ ಅತ್ತೆ ಹೊಸ ಸೀರೆ ಉಟ್ಟು, ಬಿಗಿಯಾಗಿ ಸೆರಗು ಕಟ್ಟಿ, “ಪದ್ದಾ, ಬೀಗದ ಕೈ ತಗೋ” ಎಂದರು. ನನ್ನನ್ನು ಎಡಗಡೆ ಕೂರಿಸಿ, ತಾವು ಸ್ಟೇರಿಂಗಿನ ಹಿಂದೆ ಕಷ್ಟಪಟ್ಟು ತೂರಿಕೊಂಡರು. ಮಾವನವರು ಏನು ನಡೆಯುತ್ತಿದೆ ಎಂದು ನೋಡಲು ಕೆರೆಯಂಗಳಕ್ಕೆ ಹಿಂದೆಯೇ ಬಂದಿದ್ದರು. ಅತ್ತೆ ಕಿಟಕಿಯಿಂದ ಕೈ ಹೊರಗೆ ಚಾಚಿ ಪಾತ್ರೆ ಕೊಟ್ಟರು. ತುಂಬ ಮೊಸರು.

“ಹಿಂದೆ ಕೂತ್ಕೊಳಿ. ಮಡಿಲಲ್ಲಿಟ್ಕೊಳಿ.”

ಮಾವನವರು ಪಾತ್ರೆ ನೋಡಿದರು, ಹೆಂಡತಿಯನ್ನು ನೋಡಿದರು. ಸುಮ್ಮನೆ ಹತ್ತಿ ಕೂತರು.

ಬಿಳಿಯ ಅವತ್ತು ಕೆರೆಯಂಗಳದಲ್ಲಿ ಮಾಡದ ಕುಣಿತವಿಲ್ಲ. ಮುಂದಕ್ಕೆ ಹಾರಿತು, ಹಿಂದಕ್ಕೆ ಬಂತು, ಗರಗರ ಸುತ್ತಿತು. ಅತ್ತೆ “ಹೋ! ಹೋ!” ಎಂದು ಕೂಗುತ್ತಾ, ಹುಡುಗಿಯ ಹಾಗೆ ನಗುತ್ತಾ, ಬೆವರು ಒರೆಸಿಕೊಳ್ಳುತ್ತಾ ಮೂರು ಸುತ್ತು ಹೊಡೆದು, ಏರಿಯ ಬುಡದಲ್ಲಿ ಧಡ್ಡೆಂದು ನಿಲ್ಲಿಸಿದರು.

ಮನೆಗೆ ಬಂದಾಗ ಜಗಲಿಯ ಮೇಲಿದ್ದ ನಮ್ಮ ಯಜಮಾನರು ಕೇಳಿದರು: “ಏನಪ್ಪಾ, ಅಮ್ಮ ಹೆಂಗೆ ಓಡಿಸಿದ್ಲು?”

ಮಾವನವರು ಖಾಲಿ ಪಾತ್ರೆಯನ್ನು ನನ್ನ ಕೈಗೆ ಕೊಟ್ಟರು. ಎದೆಯಿಂದ ಮಂಡಿವರೆಗೆ ಅವರ ಅಂಗಿ, ಪಂಚೆ ಎಲ್ಲ ಒದ್ದೆಯಾಗಿ ಮೈಗಂಟಿಕೊಂಡಿದ್ದವು. ಗದ್ದದಿಂದ ಮೊಸರು ತೊಟ್ಟಿಕ್ಕುತ್ತಿತ್ತು.

“ಒಂದು ತೊಟ್ಟು ಚೆಲ್ಲಿಲ್ಲ” ಎಂದರು.